ಕಿರುಪಿಸ್ತೂಲಿನ ಪ್ರತಾಪ: ತೆರೆಯಲ್ಲಿ ಮತ್ತು ಬೀದಿಯಲ್ಲಿ

ಆಯುಧವೊಂದು ಕೀರ್ತಿ ಪಡೆಯುವುದು ಎರಡು ದಾರಿಗಳಲ್ಲಿ. ರಣರಂಗದಲ್ಲಿ ಅದು ಮಾಡಿದ ಕೆಲಸದಿಂದ ಬರುವ ಕೀರ್ತಿ ಒಂದು ಬಗೆಯದು. ಕವಿಯೋ ಕಥೆಗಾರನೋ ಅದನ್ನು ತನ್ನ ನಾಯಕನ ಕೈಗಿತ್ತು ಹಾಡಿದ್ದರಿಂದ ಬರುವ ಕೀರ್ತಿ ಇನ್ನೊಂದು ಬಗೆಯದು. ಗಾಂಡೀವದ ಕೀರ್ತಿ ಈ ಎರಡನೆಯ ಬಗೆಗೆ ಸೇರಿದ್ದು. ಆದರೆ ಮಹಾಭಾರತದ ಕವಿ ಗಾಂಡೀವದ ಗೆಲವನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಮೌಸಲಪರ್ವದಲ್ಲಿ ದ್ವಾರಕೆಯ ಸ್ತ್ರೀಯರನ್ನು ಕರೆದೊಯ್ಯುತ್ತಿದ್ದ ಅರ್ಜುನನನ್ನು ದಾರಿಗಳ್ಳರು ಮುತ್ತಿದಾಗ, ಅದೇ ಬಿಲ್ಲಿಗೆ ಹೆದೆಯೇರಿಸಲು ಅವನು ತಿಣುಕಿದನೆಂದೂ ಬಾಣಗಳು ಮುಗಿದುಹೋದವೆಂದೂ ನಂಬಿ ಬಂದವರನ್ನು ಉಳಿಸಿಕೊಳ್ಳಲು ಅವನಿಂದ ಆಗಲಿಲ್ಲವೆಂದೂ ಹೇಳುವ ಧೈರ್ಯ ಆ ಕವಿಗಿತ್ತು. ಆಯುಧದ ವಿಷಯದಲ್ಲಿ ಪೂರ್ಣ ಸತ್ಯವನ್ನು ನುಡಿಯುವ ಕಾವ್ಯಕ್ಕೆ ಅದೊಂದು ಮಾದರಿ.

ಇಪ್ಪತ್ತನೆಯ ಶತಮಾನದ ಬೆಳ್ಳಿತೆರೆಯೂ ತನ್ನ ಆಯುಧಗಳಿಗೆ ಹೆಸರು ಕೊಟ್ಟು ಮೆರೆಸಿತು. ಅವುಗಳಲ್ಲಿ ಅತ್ಯಂತ ಹೆಸರಾದದ್ದು ಅಂಗೈಯಗಲದ ಒಂದು ಕಿರುಪಿಸ್ತೂಲು. ಜೇಮ್ಸ್ ಬಾಂಡ್ ಎಂಬ ಕಲ್ಪಿತ ಗೂಢಚಾರನ ಕೈಯಲ್ಲಿ ಕಾಣಿಸುವ ವಾಲ್ಥರ್ ಪಿಪಿಕೆ. ಬಂದೂಕನ್ನು ಎಂದೂ ಮುಟ್ಟದ ಕೋಟ್ಯಂತರ ಜನರಿಗೂ ಅದರ ಆಕಾರ ಗೊತ್ತು. ಉಡುಪಿನ ಮಡಿಕೆಯಲ್ಲಿ ಅಡಗುವಷ್ಟು ಚಿಕ್ಕದು, ನೋಡಲು ಅಂದ, ಎತ್ತಿದರೆ ತಪ್ಪದ ಗುರಿ, ಬಿದ್ದವನು ಮತ್ತೆ ಏಳುವುದಿಲ್ಲ ಎಂಬುದು ತೆರೆ ಅದರ ಬಗ್ಗೆ ಕಟ್ಟಿಕೊಟ್ಟ ನಂಬಿಕೆ. ಈ ನಂಬಿಕೆಯಲ್ಲಿ ಎಷ್ಟು ಸತ್ಯವಿದೆ ಎಂಬ ಪ್ರಶ್ನೆ ಆಯುಧತಜ್ಞರಿಗೆ ಮಾತ್ರ ಸೇರಿದ್ದೆಂದು ತೋರಬಹುದು. ಹಾಗಲ್ಲ. ಹಿಂಸೆ ಮನುಷ್ಯನ ಮನಸ್ಸನ್ನು ಪ್ರವೇಶಿಸುವಾಗ ಬಹುಮಟ್ಟಿಗೆ ಸುಳ್ಳೊಂದರ ಕೈಹಿಡಿದೇ ಬರುತ್ತದೆ. ಹಿಂಸೆ ಸುಲಭ, ಶುಚಿ, ಫಲಕಾರಿ ಎಂಬುದೇ ಆ ಸುಳ್ಳು. ಆದ್ದರಿಂದ ಆಯುಧದ ನಿಜವಾದ ಸಾಮರ್ಥ್ಯವೇನೆಂದು ಕೇಳುವುದು ನೀತಿವಿಚಾರದ ಭಾಗವೇ ಆಗಿದೆ.

ಪಿಪಿಕೆಯ ಕೀರ್ತಿ ಆರಂಭವಾದದ್ದು ಒಂದು ಪತ್ರದಿಂದ. ಇಯಾನ್ ಫ್ಲೆಮಿಂಗ್ ತನ್ನ ಮೊದಲ ಕಾದಂಬರಿಗಳಲ್ಲಿ ನಾಯಕನಿಗೆ ಬೆರೆಟ್ಟಾ ಎಂಬ ಇಟಲಿಯ ಸಣ್ಣ ಪಿಸ್ತೂಲನ್ನು ಕೊಟ್ಟಿದ್ದನು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಆಯುಧ ಸಂಗ್ರಾಹಕ ಜೆಫ್ರಿ ಬೂತ್‌ರಾಯ್ಡ್ ೧೯೫೬ರಲ್ಲಿ ಅವನಿಗೆ ಪತ್ರ ಬರೆದು, ಅಂತಹ ಅಲ್ಪಶಕ್ತಿಯ ಪಿಸ್ತೂಲು ಗೂಢಚಾರನಿಗೆ ತಕ್ಕುದಲ್ಲವೆಂದು ಆಕ್ಷೇಪಿಸಿದನು. ಅವನ ಮೊದಲ ಸಲಹೆ ರಿವಾಲ್ವರು. ಸ್ವಯಂಚಾಲಿತ ಪಿಸ್ತೂಲೇ ಬೇಕೆಂದಾದರೆ ವಾಲ್ಥರ್ ಪಿಪಿಕೆ. ಫ್ಲೆಮಿಂಗ್ ಆರಿಸಿಕೊಂಡದ್ದು ಎರಡನೆಯದನ್ನು. ೧೯೫೮ರ 'ಡಾಕ್ಟರ್ ನೋ' ಕಾದಂಬರಿಯಲ್ಲಿ ಬೂತ್‌ರಾಯ್ಡನ ಹೆಸರನ್ನೇ ಹೊತ್ತ ಆಯುಧಾಧಿಕಾರಿಯೊಬ್ಬನು ಬಾಂಡನಿಗೆ ಹೊಸ ಪಿಸ್ತೂಲನ್ನು ಒದಗಿಸುತ್ತಾನೆ. ೧೯೬೨ರಲ್ಲಿ ಟೆರೆನ್ಸ್ ಯಂಗ್ ನಿರ್ದೇಶಿಸಿದ, ಶಾನ್ ಕಾನರಿ ನಾಯಕನಾದ ಚಲನಚಿತ್ರದಲ್ಲಿ ಈ ಸನ್ನಿವೇಶ ಕಿರಿದಾದರೂ ಮರೆಯಲಾಗದಂತೆ ಬಂದಿದೆ. ಮೇಲಧಿಕಾರಿ ಬಾಂಡನ ಬೆರೆಟ್ಟಾವನ್ನು ಕಸಿದುಕೊಳ್ಳುತ್ತಾನೆ. ಹಿಂದಿನ ಕಾರ್ಯದಲ್ಲಿ ಅದು ಸಿಕ್ಕಿಕೊಂಡು ಗುಂಡು ಹಾರದೆ ಹೋದುದರಿಂದ ಬಾಂಡ್ ಆರು ತಿಂಗಳು ಆಸ್ಪತ್ರೆಯಲ್ಲಿ ಮಲಗಬೇಕಾಯಿತೆಂಬುದು ಅವನು ಕೊಡುವ ಕಾರಣ. ಆ ದೋಷಕ್ಕೆ ಪರಿಹಾರವೆಂಬಂತೆ ಪಿಪಿಕೆ ಬಾಂಡನ ಕೈ ಸೇರುತ್ತದೆ. ಸಿಕ್ಕಿಕೊಳ್ಳದ ಪಿಸ್ತೂಲು ಎಂಬ ಭರವಸೆಯೇ ಅದರ ತೆರೆಪ್ರವೇಶದ ಮಂಗಳವಾದ್ಯ. ಈ ಭರವಸೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಹನ್ನೆರಡು ವರ್ಷಗಳ ತರುವಾಯ ಲಂಡನ್ನಿನ ರಾಜಬೀದಿಯಲ್ಲಿ ಅದರ ಪರೀಕ್ಷೆ ನಡೆಯಿತು.

ಈ ಪಿಸ್ತೂಲಿನ ನಿಜಸ್ವರೂಪವೇನು? ಜರ್ಮನಿಯ ಕಾರ್ಲ್ ವಾಲ್ಥರ್ ಸಂಸ್ಥೆ ೧೯೨೯ರಲ್ಲಿ ಪೊಲೀಸರಿಗಾಗಿ 'ಪಿಪಿ' ಎಂಬ ಪಿಸ್ತೂಲನ್ನು ಹೊರತಂದಿತು. ಅನತಿಕಾಲದಲ್ಲಿಯೇ, ಸಾಮಾನ್ಯ ಉಡುಪಿನಲ್ಲಿ ತಿರುಗುವ ಪತ್ತೇದಾರರು ಮರೆಮಾಡಿಕೊಳ್ಳಲು ಅನುಕೂಲವಾಗುವಂತೆ ಅದನ್ನೇ ಗಿಡ್ಡಗೊಳಿಸಿ ಪಿಪಿಕೆ ಎಂದು ಹೆಸರಿಟ್ಟಿತು. ಉದ್ದ ಸುಮಾರು ಹದಿನೈದೂವರೆ ಸೆಂಟಿಮೀಟರ್, ತೂಕ ಆರು ನೂರು ಗ್ರಾಮಿನ ಆಸುಪಾಸು, ನಳಿಗೆಯ ಉದ್ದ ೮೩ ಮಿಲಿಮೀಟರ್, ಮ್ಯಾಗಜೀನಿನಲ್ಲಿ ೭.೬೫ ಮಿಲಿಮೀಟರ್ ಗಾತ್ರದ ಏಳು ತೋಟಾಗಳು. ಅದರ ಗುಂಡಿನ ತೂಕ ನಾಲ್ಕೂವರೆ ಗ್ರಾಮಿಗೆ ತುಸು ಹೆಚ್ಚು; ನಳಿಗೆಯ ಬಾಯಲ್ಲಿ ಅದಕ್ಕಿರುವ ಶಕ್ತಿ ಸುಮಾರು ೧೭೦ರಿಂದ ೨೦೦ ಜೂಲ್. ಸೈನ್ಯಗಳೂ ಪೊಲೀಸರೂ ಬಹುವಾಗಿ ಬಳಸುವ ೯ ಮಿಲಿಮೀಟರ್ ಪ್ಯಾರಬೆಲ್ಲಮ್ ಗುಂಡಿನ ಶಕ್ತಿ ೪೫೦ರಿಂದ ೫೦೦ ಜೂಲ್. ಬಾಂಡನಿಂದ ಕಸಿದುಕೊಂಡ ಬೆರೆಟ್ಟಾದ ಗುಂಡಿಗೆ ನೂರು ಜೂಲಿನಷ್ಟೂ ಇಲ್ಲ. ಅಂದರೆ ಬೂತ್‌ರಾಯ್ಡನ ತಿದ್ದುಪಡಿಯಿಂದ ನಾಯಕನ ಆಯುಧ ಬಲಗೊಂಡದ್ದು ನಿಜ. ಆದರೂ ಅದು ಬಲವಾದ ಆಯುಧವಾಗಲಿಲ್ಲ. ಅದರ ಹೆಚ್ಚುಗಾರಿಕೆಯೆಲ್ಲ ಅಡಗಿಕೊಳ್ಳುವುದರಲ್ಲಿದೆ. ಅಡಗಲೆಂದು ನಳಿಗೆಯನ್ನೂ ಹಿಡಿಯನ್ನೂ ಮೊಟಕುಗೊಳಿಸಿದಾಗ ಗುರಿ ಹಿಡಿಯುವುದೂ ಅಲುಗದಂತೆ ಹಿಡಿದಿರುವುದೂ ಕಷ್ಟವಾಗುತ್ತವೆ. ಚಿಕ್ಕ ಸ್ವಯಂಚಾಲಿತ ಪಿಸ್ತೂಲು ತನ್ನದೇ ಹಿಂದೊದೆತದ ಬಲದಿಂದ ಖಾಲಿ ತೋಟಾವನ್ನು ಹೊರಗೆಸೆದು ಮುಂದಿನದನ್ನು ಒಳಗೆಳೆದುಕೊಳ್ಳಬೇಕು. ಕೈ ಸಡಿಲವಾದರೆ, ತೋಟಾ ದೋಷಯುಕ್ತವಾದರೆ, ಕೊಳೆ ಸೇರಿದರೆ ಈ ಸರಪಳಿ ಎಲ್ಲಿ ಬೇಕಾದರೂ ಕಡಿಯಬಹುದು.

ತೆರೆ ಇವುಗಳಲ್ಲಿ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದಕ್ಕೆ ಬೇಕಾದದ್ದು ಆಕಾರ ಮಾತ್ರ ಎಂಬುದಕ್ಕೆ ಒಂದು ನಿದರ್ಶನ ಸಾಕು. ೧೯೬೩ರ 'ಫ್ರಮ್ ರಷ್ಯಾ ವಿತ್ ಲವ್' ಚಿತ್ರದ ಪ್ರಚಾರಕ್ಕಾಗಿ ಕಾನರಿಯ ಛಾಯಾಚಿತ್ರ ತೆಗೆಯಬೇಕಾದ ದಿನ ಪಿಪಿಕೆಯನ್ನು ತರಲು ಮರೆತಿದ್ದರು. ಛಾಯಾಗ್ರಾಹಕ ಡೇವಿಡ್ ಹರ್ನ್ ತನ್ನಲ್ಲಿದ್ದ ವಾಲ್ಥರ್ ಗಾಳಿಪಿಸ್ತೂಲನ್ನೇ ನಟನ ಕೈಗೆ ಕೊಟ್ಟನು. ರಟ್ಟಿನ ಗುರಿಫಲಕಕ್ಕೆ ಸೀಸದ ಚಿಕ್ಕ ಗುಂಡು ಹೊಡೆಯುವ ಆಟಿಕೆಗೆ ಸಮೀಪದ ಆ ವಸ್ತುವೇ ಭಿತ್ತಿಪತ್ರಗಳಲ್ಲಿ ಜಗತ್ತನ್ನೆಲ್ಲ ಸುತ್ತಿತು. ೨೦೧೦ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು ಎರಡು ಲಕ್ಷ ಎಪ್ಪತ್ತು ಸಾವಿರ ಪೌಂಡಿಗೂ ಮೀರಿದ ಬೆಲೆಗೆ ಮಾರಾಟವಾಯಿತು. ನೋಡುಗರು ಭಯಭಕ್ತಿಗಳಿಂದ ನೋಡಿದ ಆಯುಧ ಯಾರನ್ನೂ ಕೊಲ್ಲಲಾರದಂಥದ್ದು. ಆದರೂ ಭಯಭಕ್ತಿಗಳಿಗೆ ಏನೂ ಕೊರತೆಯಾಗಲಿಲ್ಲ.

ಆಕಾರದ ಸುಳ್ಳಿಗಿಂತ ಪರಿಣಾಮದ ಸುಳ್ಳು ಹೆಚ್ಚು ಗಂಭೀರವಾದದ್ದು. ಚಲನಚಿತ್ರಗಳು ಕಿರುಪಿಸ್ತೂಲಿನ ಬಗ್ಗೆ ಮುಖ್ಯವಾಗಿ ಮೂರು ಅಸತ್ಯಗಳನ್ನು ಹೇಳುತ್ತ ಬಂದಿವೆ. ಮೊದಲನೆಯದು ಗುರಿಯ ಬಗ್ಗೆ. ಓಡುತ್ತ, ಉರುಳುತ್ತ, ಒಂದೇ ಕೈಯಿಂದ ಹಾರಿಸಿದ ಗುಂಡೂ ತೆರೆಯ ಮೇಲೆ ಗುರಿ ಮುಟ್ಟುತ್ತದೆ. ನ್ಯೂಯಾರ್ಕ್ ನಗರದ ಪೊಲೀಸರ ಬಂದೂಕು ತರಬೇತಿಯನ್ನು ಪರಿಶೀಲಿಸಿ ರ‍್ಯಾಂಡ್ ಸಂಸ್ಥೆ ೨೦೦೮ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ೧೯೯೮ರಿಂದ ೨೦೦೬ರವರೆಗೆ, ಎದುರಾಳಿಯೂ ಗುಂಡು ಹಾರಿಸುತ್ತಿದ್ದ ಪ್ರಸಂಗಗಳಲ್ಲಿ ಪೊಲೀಸರ ಗುಂಡುಗಳು ಗುರಿ ಮುಟ್ಟಿದ ಪ್ರಮಾಣ ಸರಾಸರಿ ಶೇಕಡ ೧೮. ಎದುರಾಳಿ ಗುಂಡು ಹಾರಿಸದಿದ್ದಾಗಲೂ ಶೇಕಡ ೩೦. ಇವರು ತರಬೇತಿ ಪಡೆದವರು, ಇವರ ಕೈಯಲ್ಲಿದ್ದದ್ದು ಪೂರ್ಣಗಾತ್ರದ ಪಿಸ್ತೂಲು. ಗುರಿ ತಪ್ಪಿದ ಗುಂಡು ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಅದು ಎಲ್ಲಿಯೋ ಯಾರನ್ನೋ ತಲುಪುತ್ತದೆ. ತೆರೆಯ ಮೇಲೆ ಆ 'ಯಾರೋ' ಎಂದೂ ಇರುವುದಿಲ್ಲ.

ಎರಡನೆಯದು ಪೆಟ್ಟಿನ ಬಗ್ಗೆ. ಗುಂಡು ತಗುಲಿದವನು ಹಿಂದಕ್ಕೆ ಹಾರಿಬಿದ್ದು ಒಡನೆಯೇ ನಿಶ್ಚಲನಾಗುವುದನ್ನು ಚಲನಚಿತ್ರಗಳು ತೋರಿಸುತ್ತವೆ. ನ್ಯೂಟನ್ನನ ಮೂರನೆಯ ನಿಯಮವನ್ನು ಶಾಲೆಯಲ್ಲಿ ಓದಿದ ಬಾಲಕನೂ ಇದನ್ನು ಪ್ರಶ್ನಿಸಬಲ್ಲನು. ಹೊಡೆದವನ ಕೈಯನ್ನು ಹಿಂದಕ್ಕೆ ನೂಕಿದಷ್ಟೇ ಬಲದಿಂದ ಗುಂಡು ಹೊಡೆಸಿಕೊಂಡವನನ್ನೂ ನೂಕೀತು. ಹೊಡೆದವನು ಬೀಳದಿದ್ದರೆ ಹೊಡೆಸಿಕೊಂಡವನು ಆ ನೂಕಿಗೆ ಬೀಳಬೇಕಾಗಿಲ್ಲ. ಹೃದಯಕ್ಕೇ ಗಾಯವಾದರೂ ಮಿದುಳಿನಲ್ಲಿ ಉಳಿದ ಆಮ್ಲಜನಕದ ಬಲದಿಂದ ಮನುಷ್ಯ ಹತ್ತು ಹದಿನೈದು ಸೆಕೆಂಡುಗಳ ಕಾಲ ತನ್ನಿಚ್ಛೆಯಂತೆ ವರ್ತಿಸಬಲ್ಲನೆಂದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ೧೯೮೯ರ ತನ್ನ ಕೈಪಿಡಿಯೊಂದರಲ್ಲಿ ಹೇಳಿದೆ. ಆ ಸೆಕೆಂಡುಗಳಲ್ಲಿ ಅವನೂ ಗುಂಡು ಹಾರಿಸಬಹುದು. ಅದಕ್ಕೂ ಮಿಗಿಲಾಗಿ, ಆ ಸೆಕೆಂಡುಗಳೂ ಅವುಗಳ ಮುಂದಿನ ಗಂಟೆಗಳೂ ನೋವಿನಿಂದ ತುಂಬಿರುತ್ತವೆ. ತಕ್ಷಣದ ಸಾವನ್ನು ತೋರಿಸುವ ಚಿತ್ರ ನೋವನ್ನು ಅಳಿಸಿಹಾಕುತ್ತದೆ. ನೋವು ಅಳಿಸಿಹೋದಲ್ಲಿ ಕರುಣೆಗೆ ಅವಕಾಶವೇ ಇರುವುದಿಲ್ಲ.

ಮೂರನೆಯದು ಸದ್ದಿನ ಬಗ್ಗೆ. ಸೈಲೆನ್ಸರ್ ಎಂಬ ಕೊಳವೆಯನ್ನು ತಿರುಗಿಸಿ ಕೂರಿಸಿದರೆ ಪಿಸ್ತೂಲಿನ ಸದ್ದು ಕೆಮ್ಮಿನಷ್ಟಾಗುತ್ತದೆಂದು ಬಾಂಡ್ ಚಿತ್ರಗಳು ಕಲಿಸಿದವು. ವಾಸ್ತವದಲ್ಲಿ ಪಿಸ್ತೂಲಿನ ಸದ್ದು ೧೫೦ ಡೆಸಿಬೆಲ್ಲನ್ನು ಮೀರುತ್ತದೆ. ಈ ಕೊಳವೆ ತಗ್ಗಿಸುವುದು ಸಾಮಾನ್ಯವಾಗಿ ೨೦ರಿಂದ ೩೫ ಡೆಸಿಬೆಲ್. ಉಳಿಯುವ ಸದ್ದು ಪಕ್ಕದ ಕೋಣೆಯವರನ್ನು ಎಚ್ಚರಿಸಲು ಸಾಕು. ಸದ್ದಿಲ್ಲದ ಕೊಲೆ ಎಂಬುದು ಸಾಕ್ಷಿಯಿಲ್ಲದ ಕೊಲೆಯ ಕನಸು. ಆ ಕನಸು ತಂತ್ರಕ್ಕಿಂತ ಮನಸ್ಸಿನ ಬಗ್ಗೆಯೇ ಹೆಚ್ಚು ಹೇಳುತ್ತದೆ.

ಇನ್ನು ರಾಜಬೀದಿಯ ಪ್ರಸಂಗ. ೧೯೭೪ರ ಮಾರ್ಚ್ ೨೦ರ ರಾತ್ರಿ ಇಂಗ್ಲೆಂಡಿನ ರಾಜಕುಮಾರಿ ಆ್ಯನ್ ಧರ್ಮಾರ್ಥವಾಗಿ ಏರ್ಪಡಿಸಿದ್ದ ಚಲನಚಿತ್ರ ಪ್ರದರ್ಶನವೊಂದನ್ನು ಮುಗಿಸಿ ಪತಿಯೊಡನೆ ಬಕಿಂಗ್‌ಹ್ಯಾಮ್ ಅರಮನೆಗೆ ಹಿಂದಿರುಗುತ್ತಿದ್ದರು. ಅರಮನೆಗೆ ಹೋಗುವ 'ದಿ ಮಾಲ್' ಎಂಬ ಅಗಲವಾದ ಬೀದಿಯಲ್ಲಿ ಕಾರೊಂದು ಅಡ್ಡ ಬಂದು ನಿಂತಿತು. ಒತ್ತೆಹಣಕ್ಕಾಗಿ ರಾಜಕುಮಾರಿಯನ್ನು ಅಪಹರಿಸಲು ಹೊರಟಿದ್ದ, ಮನಸ್ಸಿನ ಸ್ಥಿಮಿತ ತಪ್ಪಿದ್ದ ಯುವಕನೊಬ್ಬ ಎರಡು ಬಂದೂಕುಗಳೊಡನೆ ಇಳಿದು ಬಂದನು. ರಾಜಕುಮಾರಿಯ ರಕ್ಷಣೆಗೆ ಅಂದು ಇದ್ದವರು ಒಬ್ಬರೇ ಪೊಲೀಸ್ ಅಧಿಕಾರಿ, ಇನ್ಸ್‌ಪೆಕ್ಟರ್ ಜೇಮ್ಸ್ ಬೀಟನ್. ಅವರ ಬಳಿ ಇದ್ದ ಆಯುಧ ವಾಲ್ಥರ್ ಪಿಪಿಕೆ.

ಬೀಟನ್ ಕಾರಿನಿಂದ ಇಳಿಯುತ್ತಿದ್ದಂತೆಯೇ ಭುಜಕ್ಕೆ ಗುಂಡು ತಗುಲಿತು. ಅವರು ತಮ್ಮ ಪಿಸ್ತೂಲನ್ನು ತೆಗೆದು ಒಂದು ಗುಂಡು ಹಾರಿಸಿದರು, ಗುರಿ ತಪ್ಪಿತು. ಮತ್ತೆ ಹಾರಿಸಹೋದಾಗ ಪಿಸ್ತೂಲು ಸಿಕ್ಕಿಕೊಂಡಿತು. ಬೆರೆಟ್ಟಾದ ದೋಷವನ್ನು ನಿವಾರಿಸಲೆಂದು ತೆರೆಗೆ ಬಂದ ಪಿಸ್ತೂಲು ಬೀದಿಯಲ್ಲಿ ಅದೇ ದೋಷವನ್ನು ತೋರಿಸಿತು. ಆಯುಧವನ್ನು ಕೆಳಗಿಡಬೇಕಾಗಿ ಬಂದ ಬೀಟನ್ ಕಾರಿನೊಳಗೆ ಸೇರಿ ರಾಜಕುಮಾರಿಗೆ ಅಡ್ಡವಾಗಿ ಕುಳಿತರು. ಆ ಯುವಕ ಕಿಟಕಿಯ ಮೂಲಕ ಗುರಿಯಿಟ್ಟಾಗ ಬೀಟನ್ ತಮ್ಮ ಕೈಯನ್ನೇ ಅಡ್ಡ ಒಡ್ಡಿದರು. ಗುಂಡು ಅಂಗೈಗೆ ತಗುಲಿತು. ಮೂರನೆಯ ಗುಂಡು ಅವರ ಹೊಟ್ಟೆಯನ್ನು ಹೊಕ್ಕಿತು. ಕಾರಿನ ಚಾಲಕನಿಗೂ ಸಮೀಪದಿಂದ ಓಡಿಬಂದ ಪೊಲೀಸ್ ಪೇದೆಗೂ ನಡುವೆ ಬಂದು ಸಮಾಧಾನ ಹೇಳಲೆತ್ನಿಸಿದ ಪತ್ರಕರ್ತನಿಗೂ ಗುಂಡೇಟು ಬಿದ್ದವು. ಹೊಟ್ಟೆಗೆ ಗುಂಡು ತಗುಲಿದ ಆ ಪೇದೆ ಕುಸಿಯುವ ಮುನ್ನ ರೇಡಿಯೋ ಮೂಲಕ ಸಹಾಯಕ್ಕೆ ಕರೆ ಕಳುಹಿಸಿದನು. ತೆರೆಯ ನಿಯಮದಂತೆ ಅವನು ಆ ವೇಳೆಗೆ ನಿಶ್ಚಲನಾಗಿರಬೇಕಿತ್ತು.

ಹಾಗಾದರೆ ಅಪಹರಣ ನಿಂತದ್ದು ಹೇಗೆ? ರಾಜಕುಮಾರಿ ಕಾರಿನಿಂದ ಇಳಿಯಲು ಒಪ್ಪದೆ ಆ ಯುವಕನೊಡನೆ ಮಾತಿಗೆ ಮಾತು ಕೊಡುತ್ತ ಕಾಲವನ್ನು ಸಾಗಿಸಿದರು. ಆ ದಾರಿಯಲ್ಲಿ ಮನೆಗೆ ಹೋಗುತ್ತಿದ್ದ ರಾನ್ ರಸೆಲ್ ಎಂಬ, ಹಿಂದೆ ಮುಷ್ಟಿಯುದ್ಧ ಮಾಡಿದ್ದ ವ್ಯಕ್ತಿ ಬರಿಗೈಯಲ್ಲಿ ಮುನ್ನುಗ್ಗಿ ಆಕ್ರಮಣಕಾರನ ತಲೆಗೆ ಗುದ್ದಿ ರಾಜಕುಮಾರಿಯನ್ನು ದೂರ ಕರೆದೊಯ್ದನು. ಓಡಿಹೋದ ಯುವಕನನ್ನು ಪತ್ತೇದಾರ ಪೇದೆಯೊಬ್ಬ ಅಟ್ಟಿಸಿಕೊಂಡು ಹೋಗಿ ಕೆಡವಿ ಹಿಡಿದನು. ಗಾಯಗೊಂಡ ನಾಲ್ವರೂ ಬದುಕಿದರು. ಆಕ್ರಮಣಕಾರನನ್ನು ಮಾನಸಿಕ ಆರೋಗ್ಯ ಕಾನೂನಿನ ಅಡಿಯಲ್ಲಿ ಬಂಧನದಲ್ಲಿಡಲಾಯಿತು. ಬೀಟನ್‌ಗೆ ಶೌರ್ಯಕ್ಕಾಗಿ ನೀಡುವ ಅತ್ಯುನ್ನತ ಗೌರವವಾದ ಜಾರ್ಜ್ ಕ್ರಾಸ್ ದೊರೆಯಿತು. ಅಂಗರಕ್ಷಕರ ಕೈಯಿಂದ ಪಿಪಿಕೆಯನ್ನು ಹಿಂದಕ್ಕೆ ಪಡೆಯಲಾಯಿತು. ಆದರೆ ಬಾಂಡನ ಕೈಯಲ್ಲಿ ಅದು ಹಾಗೆಯೇ ಉಳಿಯಿತು. ಬೀದಿಯ ಅನುಭವದಿಂದ ತೆರೆ ಏನನ್ನೂ ಕಲಿಯಲಿಲ್ಲ.

ಐದು ವರ್ಷಗಳ ಬಳಿಕ ಪಿಪಿಕೆ ಇನ್ನೊಂದು ಅರಮನೆಯ ಕಥೆಯಲ್ಲಿ ಕಾಣಿಸಿಕೊಂಡಿತು. ೧೯೭೯ರ ಅಕ್ಟೋಬರ್ ೨೬ರಂದು ಸೋಲ್ ನಗರದಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಭೋಜನಕ್ಕೆ ಕುಳಿತಿದ್ದಾಗ, ಅವನದೇ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಕಿಮ್ ಜೇ ಗ್ಯು ಪಿಪಿಕೆಯಿಂದ ಅವನ ಮೇಲೂ ಅವನ ಅಂಗರಕ್ಷಕ ದಳದ ಮುಖ್ಯಸ್ಥನ ಮೇಲೂ ಗುಂಡು ಹಾರಿಸಿದನು. ಅಷ್ಟರಲ್ಲಿ ಪಿಸ್ತೂಲು ಕೆಲಸ ಮಾಡುವುದನ್ನು ನಿಲ್ಲಿಸಿತು. ಕಿಮ್ ಹೊರಗೆ ಹೋಗಿ ತನ್ನ ಕೈಕೆಳಗಿನವನಿಂದ ರಿವಾಲ್ವರನ್ನು ಪಡೆದು ಬಂದು ಕೊಲೆಯನ್ನು ಪೂರ್ಣಗೊಳಿಸಿದನು. ಗುಪ್ತಚರ ಸಂಸ್ಥೆಯ ಮುಖ್ಯಸ್ಥನ ಕೈಯಲ್ಲಿ ಗೂಢಚಾರನ ಪಿಸ್ತೂಲು: ಹೋಲಿಕೆ ಇದಕ್ಕಿಂತ ಹತ್ತಿರವಾಗಲಾರದು. ಲಂಡನ್ನಿನಲ್ಲಿ ಕಾಯಲಾರದೆ ಹೋದ ಪಿಸ್ತೂಲು ಇಲ್ಲಿ ಅರ್ಧದಲ್ಲಿ ನಿಂತರೂ ಕೊಲೆ ನಿಲ್ಲಲಿಲ್ಲ. ಊಟಕ್ಕೆ ಕುಳಿತವರ ಎದುರು, ಯಾರೂ ನಿರೀಕ್ಷಿಸದ ಗಳಿಗೆಯಲ್ಲಿ, ಕೊಲೆಗಾರನಿಗೆ ಹೊರಗೆ ಹೋಗಿ ಇನ್ನೊಂದು ಆಯುಧವನ್ನು ತರುವಷ್ಟು ಸಮಯವಿತ್ತು. ರಕ್ಷಕನಿಗೆ ಅಂಥ ಸಮಯ ಎಂದೂ ಸಿಗುವುದಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಪಿಸ್ತೂಲು ದುರ್ಬಲವೆಂದಾದರೆ ಬಲವಾದ ಪಿಸ್ತೂಲನ್ನು ಕೊಟ್ಟರಾಯಿತಲ್ಲವೇ ಎಂಬುದು ಮೊದಲನೆಯದು. ಚಿತ್ರನಿರ್ಮಾಪಕರು ಅದನ್ನೂ ಮಾಡಿದರು. ೧೯೯೭ರ 'ಟುಮಾರೋ ನೆವರ್ ಡೈಸ್' ಚಿತ್ರದಲ್ಲಿ ಬಾಂಡ್ ಅದೇ ವಾಲ್ಥರ್ ಸಂಸ್ಥೆಯ ದೊಡ್ಡ ಪಿ೯೯ ಪಿಸ್ತೂಲಿಗೆ ಬಡ್ತಿ ಪಡೆದನು. ೨೦೦೮ರ 'ಕ್ವಾಂಟಮ್ ಆಫ್ ಸೊಲೇಸ್' ಚಿತ್ರದಲ್ಲಿ ಪಿಪಿಕೆ ಮತ್ತೆ ಮರಳಿತು. ಸಾಮರ್ಥ್ಯದ ವಿಚಾರ ಈ ಹೋಗುಬರುವಿಕೆಯಲ್ಲಿ ಎಲ್ಲಿಯೂ ಇರಲಿಲ್ಲವೆಂಬುದು ಇದರಿಂದಲೇ ಸ್ಪಷ್ಟ. ಅಲ್ಲದೆ ನ್ಯೂಯಾರ್ಕಿನ ಅಂಕಿಗಳು ಪೂರ್ಣಗಾತ್ರದ ಪಿಸ್ತೂಲುಗಳವು. ಭಯ, ಕತ್ತಲೆ, ಆತುರ, ನಡುಗುವ ಕೈ ಇವುಗಳಿಗೆ ದೊಡ್ಡ ನಳಿಗೆಯಲ್ಲಿ ಮದ್ದಿಲ್ಲ.

ಪಿಸ್ತೂಲು ಅಷ್ಟು ದುರ್ಬಲವಾಗಿದ್ದರೆ ಅದರಿಂದ ಅಪಾಯವೇನು ಎಂಬುದು ಎರಡನೆಯ ಆಕ್ಷೇಪ. ಇದು ಹೆಚ್ಚು ಮುಖ್ಯವಾದದ್ದು. ಇದಕ್ಕೆ ಇತಿಹಾಸ ಕೊಡುವ ಉತ್ತರ ಕಠೋರವಾಗಿದೆ. ೧೯೧೪ರ ಜೂನ್ ೨೮ರಂದು ಸರಯೇವೊ ನಗರದಲ್ಲಿ ಆಸ್ಟ್ರಿಯದ ಯುವರಾಜ ಫ್ರಾನ್ಸ್ ಫರ್ಡಿನೆಂಡ್ ಮತ್ತು ಅವನ ಪತ್ನಿ ಸೋಫಿಯನ್ನು ಕೊಂದದ್ದು ಬೆಲ್ಜಿಯಮ್ಮಿನಲ್ಲಿ ತಯಾರಾದ ಎಫ್‌ಎನ್ ೧೯೧೦ ಎಂಬ ಜೇಬುಪಿಸ್ತೂಲು, ಗುಂಡುಗಳು ಎರಡೇ. ೧೯೪೮ರ ಜನವರಿ ೩೦ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಪ್ರಾರ್ಥನೆಗೆ ನಡೆದುಹೋಗುತ್ತಿದ್ದ ಮಹಾತ್ಮರ ದೇಹವನ್ನು ಹೊಕ್ಕ ಮೂರು ಗುಂಡುಗಳೂ ಬೆರೆಟ್ಟಾ ೧೯೩೪ ಎಂಬ ಕಿರುಪಿಸ್ತೂಲಿನವು. ಈ ಎರಡು ಪಿಸ್ತೂಲುಗಳೂ ಪಿಪಿಕೆಯ ವರ್ಗಕ್ಕೇ ಸೇರಿದವು. ಅವುಗಳ ತೋಟಾ ೯ ಮಿಲಿಮೀಟರಿನ ಗಿಡ್ಡ ಬಗೆಯದು. ಅವು ಅಲ್ಲಿ ಸಿಕ್ಕಿಕೊಳ್ಳಲಿಲ್ಲ, ಗುರಿ ತಪ್ಪಲಿಲ್ಲ. ಕಾರಣ ಸರಳವಾದದ್ದು. ಗುರಿ ಕೈಯಳತೆಯಲ್ಲಿತ್ತು, ಎದುರಿಗಿದ್ದವರು ನಿರಾಯುಧರು.

ಕಿರುಪಿಸ್ತೂಲಿನ ಸಾಮರ್ಥ್ಯದ ನಿಜವಾದ ಲೆಕ್ಕ ಇಲ್ಲಿದೆ. ಎಚ್ಚರವಿರುವ, ಆಯುಧವಿರುವ, ಆಕ್ರಮಿಸುತ್ತಿರುವ ಎದುರಾಳಿಯನ್ನು ತಡೆಯಬೇಕಾದಾಗ ಅದು ನಂಬಿಕೆಗೆ ಅರ್ಹವಲ್ಲ. ನಂಬಿ ಹತ್ತಿರ ಬಂದವನನ್ನು, ಕೈಮುಗಿದು ನಿಂತವನನ್ನು, ಬೆನ್ನು ತಿರುಗಿಸಿದವನನ್ನು ಕೊಲ್ಲುವುದರಲ್ಲಿ ಅದು ನಿಷ್ಣಾತ. ಶೂರನ ಆಯುಧವೆಂದು ತೆರೆ ಯಾವುದನ್ನು ಬಣ್ಣಿಸಿತೋ ಅದು ವಾಸ್ತವದಲ್ಲಿ ಹೊಂಚುಗಾರನ ಆಯುಧ.

ಶಾಸನಕರ್ತರಿಗೂ ಈ ಸಂಗತಿ ಗೋಚರಿಸಿತ್ತು. ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಅವರ ಕೊಲೆಗಳಾದ ೧೯೬೮ರಲ್ಲಿಯೇ ಅಮೆರಿಕವು ಮರೆಮಾಡಿಕೊಳ್ಳಲು ಸುಲಭವಾದ ಸಣ್ಣ ಕೈಬಂದೂಕುಗಳ ಆಮದನ್ನು ಕಾನೂನಿನಿಂದ ನಿರ್ಬಂಧಿಸಿತು. ಅಳತೆಯ ಪರೀಕ್ಷೆಯಲ್ಲಿ ಪಿಪಿಕೆ ತೇರ್ಗಡೆಯಾಗಲಿಲ್ಲ. ತಯಾರಕರು ಅದರ ಮೇಲ್ಭಾಗವನ್ನು ತುಸು ದೊಡ್ಡದಾದ ಪಿಪಿಯ ಚೌಕಟ್ಟಿನ ಮೇಲೆ ಕೂರಿಸಿ 'ಪಿಪಿಕೆ/ಎಸ್' ಎಂದು ಕರೆದು ಅಲ್ಲಿ ಮಾರಿದರು. ಕೆಲವು ಮಿಲಿಮೀಟರುಗಳ ವ್ಯತ್ಯಾಸದಿಂದ ಕಾನೂನಿನ ಅಕ್ಷರ ಪಾಲನೆಯಾಯಿತು. ಅದರ ಆಶಯ ಹಿಂದುಳಿಯಿತು. ತೆರೆ ಹುಟ್ಟಿಸಿದ ಬೇಡಿಕೆ ಕಾನೂನಿನ ಬೇಲಿಯಲ್ಲಿಯೂ ಸಂದು ಹುಡುಕಿಕೊಳ್ಳುತ್ತದೆ.

ಹೀಗೆ ಕೊಂಡ ಪಿಸ್ತೂಲು ಮನೆಯಲ್ಲಿ ಮಾಡುವ ಕೆಲಸವೇನು? ೨೦೨೧ರಲ್ಲಿ ಅಮೆರಿಕದಲ್ಲಿ ಬಂದೂಕುಗಳಿಂದ ಸತ್ತವರು ೪೮,೮೩೦. ಅವರಲ್ಲಿ ೨೬,೩೨೮ ಮಂದಿ ತಮ್ಮನ್ನು ತಾವೇ ಕೊಂದುಕೊಂಡವರು. ಮನೆಯಲ್ಲಿ ಬಂದೂಕು ಇರುವಲ್ಲಿ ಆ ಮನೆಯೊಳಗೇ ಕೊಲೆ ನಡೆಯುವ ಸಂಭವ ಸುಮಾರು ೨.೭ ಪಟ್ಟು ಹೆಚ್ಚೆಂದು ಆರ್ಥರ್ ಕೆಲರ್‌ಮನ್ ಮತ್ತು ಸಂಗಡಿಗರು ೧೯೯೩ರಲ್ಲಿ ಪ್ರಕಟಿಸಿದ ಪ್ರಸಿದ್ಧ ವೈದ್ಯಕೀಯ ಅಧ್ಯಯನ ತಿಳಿಸಿತು. ಕಳ್ಳನಿಗಾಗಿ ಕಾದಿರಿಸಿದ ಗುಂಡು ಮನೆಯವರನ್ನೇ ಹುಡುಕುತ್ತದೆ. ಭಾರತದಲ್ಲಿ ಕಾನೂನು ಬಿಗಿಯಾಗಿರುವುದರಿಂದ ಇಂಥ ಪರಿಸ್ಥಿತಿ ಬಂದಿಲ್ಲ. ಆದರೆ ಆ ಮನೋಭಾವ ಇಲ್ಲಿಗೂ ಬಂದಿಲ್ಲವೆನ್ನಲಾಗದು. ೨೦೧೨ರ ದೆಹಲಿಯ ಘೋರ ಪ್ರಕರಣದ ತರುವಾಯ, ೨೦೧೪ರಲ್ಲಿ, ಕಾನ್ಪುರದ ಸರ್ಕಾರಿ ಆಯುಧ ಕಾರ್ಖಾನೆ ಮಹಿಳೆಯರಿಗೆಂದು 'ನಿರ್ಭೀಕ್' ಎಂಬ ಐದು ನೂರು ಗ್ರಾಮ್ ತೂಕದ ಕಿರುರಿವಾಲ್ವರನ್ನು ಹೊರತಂದಿತು. ಆಗ ಅದರ ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಮೇಲಿತ್ತು. ಕೈಚೀಲದಲ್ಲಿ ಅಡಗುವ ಆಯುಧ ನಿರ್ಭಯವನ್ನು ಕೊಡುತ್ತದೆಂಬ ಭಾವನೆ ಆ ಹೆಸರಿನಲ್ಲಿಯೇ ಇದೆ. ತರಬೇತಿ ಪಡೆದ ಅಂಗರಕ್ಷಕನಿಗೆ ಬೆಳಕಿರುವ ರಾಜಬೀದಿಯಲ್ಲಿ ಸಾಧ್ಯವಾಗದೆ ಹೋದದ್ದನ್ನು ಕತ್ತಲ ಬಸ್ಸಿನಲ್ಲಿ ಮುತ್ತಿಗೆಗೊಳಗಾದ ಹೆಣ್ಣುಮಗಳಿಂದ ನಿರೀಕ್ಷಿಸುವುದು ಅವಳ ರಕ್ಷಣೆಯ ಹೊಣೆಯನ್ನು ಅವಳ ಹೆಗಲಿಗೇ ಹೊರಿಸಿದಂತೆ.

ಈ ಘಟ್ಟದಲ್ಲಿ ಶ್ರಾವಕಾಚಾರದ ಒಂದು ವಿವೇಚನೆಯನ್ನು ಸ್ಮರಿಸುವುದು ಅಪ್ರಸ್ತುತವಾಗದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜಕ ಹಿಂಸೆಯಾದ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಹಿಂಸೆಯ ಉಪಕರಣಗಳನ್ನು ಪರರಿಗೆ ಒದಗಿಸುವ ಹಿಂಸಾದಾನವೂ ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವ ದುಃಶ್ರುತಿಯೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಆಯುಧವನ್ನು ಕೈಗೆ ಕೊಡುವುದಕ್ಕೂ ಆಯುಧದ ಕಥೆಯನ್ನು ಕಿವಿಗೆ ಕೊಡುವುದಕ್ಕೂ ಸಂಬಂಧವಿದೆಯೆಂಬ ಅರಿವು ಈ ವಿಂಗಡಣೆಯಲ್ಲಿದೆ. ಪಿಪಿಕೆಯ ಚರಿತ್ರೆ ಆ ಸಂಬಂಧಕ್ಕೆ ಆಧುನಿಕ ಭಾಷ್ಯದಂತಿದೆ.

ಆದರೂ ವಿಮರ್ಶೆ ನ್ಯಾಯವಾಗಿರಬೇಕು. ಬಾಂಡ್ ಚಿತ್ರಗಳು ವಾಸ್ತವದ ವರದಿಗಳಲ್ಲ. ಅವು ವಿನೋದಕ್ಕಾಗಿ ಹೆಣೆದ ಅದ್ಭುತಕಥೆಗಳು. ಅದ್ಭುತಕಥೆಯಲ್ಲಿ ಅತಿಶಯೋಕ್ತಿ ದೋಷವಲ್ಲ. ನಾಯಕ ಯಾರನ್ನೋ ರಕ್ಷಿಸಲು ಆಯುಧ ಹಿಡಿಯುವುದೂ ಸ್ವತಃ ಆಕ್ಷೇಪಾರ್ಹವಲ್ಲ. ಗೃಹಸ್ಥನಿಗೆ ವಿರೋಧೀ ಹಿಂಸೆ ಕೆಲವೊಮ್ಮೆ ಅನಿವಾರ್ಯವೆಂದು ಧರ್ಮವೂ ಒಪ್ಪುತ್ತದೆ. ಅವನು ಪೂರ್ಣವಾಗಿ ತ್ಯಜಿಸಬೇಕಾದದ್ದು ಸಂಕಲ್ಪಪೂರ್ವಕವಾದ ಹಿಂಸೆಯನ್ನು. ದೋಷವಿರುವುದು ಚಿತ್ರ ಈ ಎರಡರ ನಡುವಣ ಗೆರೆಯನ್ನು ಅಳಿಸುವಲ್ಲಿ. 'ಡಾಕ್ಟರ್ ನೋ' ಚಿತ್ರದಲ್ಲಿ ಪ್ರೊಫೆಸರ್ ಡೆಂಟ್ ಎಂಬ ದುಷ್ಟನು ಕತ್ತಲಲ್ಲಿ ಬಾಂಡನ ಹಾಸಿಗೆಗೆ ಆರು ಗುಂಡು ಹಾರಿಸುತ್ತಾನೆ. ಬಾಂಡ್ ಕುರ್ಚಿಯಲ್ಲಿ ಕುಳಿತು ಕಾದಿರುತ್ತಾನೆ. ಮಾತುಕತೆಯ ನಡುವೆ ಡೆಂಟ್ ತನ್ನ ಪಿಸ್ತೂಲನ್ನು ಮತ್ತೆ ಎತ್ತಿಕೊಂಡು ಒತ್ತಿದಾಗ ಅದು ಬರಿದಾಗಿರುತ್ತದೆ. ಅದರ ಆರು ಗುಂಡುಗಳು ಮುಗಿದವೆಂದು ಬಾಂಡ್ ಶಾಂತವಾಗಿ ಲೆಕ್ಕ ಹೇಳಿ, ಎದುರಿಗಿರುವವನು ಈಗ ನಿರಾಯುಧನೆಂದು ತಿಳಿದೇ, ಅವನನ್ನು ಕೊಲ್ಲುತ್ತಾನೆ. ಬಿದ್ದವನಿಗೆ ಇನ್ನೊಂದು ಗುಂಡು ಹೊಡೆಯುತ್ತಾನೆ. ಡೆಂಟನ ಕೈಯಲ್ಲಿದ್ದದ್ದು ಮ್ಯಾಗಜೀನಿನಲ್ಲಿ ಏಳು ತೋಟಾ ಹಿಡಿಯುವ ಕೋಲ್ಟ್ ಪಿಸ್ತೂಲೆಂಬುದನ್ನು ಆಯುಧ ಬಲ್ಲವರು ಎತ್ತಿ ತೋರಿಸಿ ನಗುತ್ತಾರೆ. ತೋಟಾಗಳ ಲೆಕ್ಕದ ಈ ತಪ್ಪು ಕ್ಷಮಾರ್ಹ. ನಿರಾಯುಧನ ಕೊಲೆಯನ್ನು ಜಾಣತನವೆಂದು ನೋಡುಗರಿಂದ ಮೆಚ್ಚಿಸಿದ ನೀತಿಯ ತಪ್ಪು ಹಾಗಲ್ಲ. ಬಾಂಡನಿಗಿರುವ 'ಕೊಲ್ಲುವ ಪರವಾನಗಿ' ಎಂಬ ಕಲ್ಪನೆಯ ಅರ್ಥ ಈ ದೃಶ್ಯದಲ್ಲಿ ಪೂ‌ರ್ಣವಾಗಿ ಬಯಲಾಗುತ್ತದೆ: ಪರವಾನಗಿ ಕೊಟ್ಟವರು ಯಾರೋ, ಕೈ ಯಾರದೋ, ಪಾಪ ಮಾತ್ರ ಯಾರದೂ ಅಲ್ಲ.

ಬೀಟನ್ ಹಾರಿಸಿದ ಒಂದೇ ಗುಂಡನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅವರು ತಮ್ಮ ಆಶ್ರಯದಲ್ಲಿದ್ದವರನ್ನು ಉಳಿಸಲು, ಗಾಯಗೊಂಡ ಮೇಲೆ, ಬೇರೆ ದಾರಿ ಕಾಣದೆ ಗುಂಡು ಹಾರಿಸಿದರು. ಅದು ತಪ್ಪಿಹೋಯಿತು. ಅವರಿಗೆ ಗೌರವ ಸಂದದ್ದು ಆ ಗುಂಡಿಗಾಗಿ ಅಲ್ಲ. ಆಯುಧ ಕೈಬಿಟ್ಟ ಮೇಲೆ ಅವರು ಮಾಡಿದ್ದಕ್ಕಾಗಿ, ಗುಂಡಿಗೂ ಇನ್ನೊಬ್ಬರ ದೇಹಕ್ಕೂ ನಡುವೆ ತಮ್ಮ ಅಂಗೈಯನ್ನು ಒಡ್ಡಿದ್ದಕ್ಕಾಗಿ. ಅಂದು ಮಾಲ್ ಬೀದಿಯಲ್ಲಿ ಫಲಕೊಟ್ಟದ್ದು ಆ ಅಂಗೈ, ಒಬ್ಬ ದಾರಿಹೋಕನ ಧೈರ್ಯ, ಗಾಯಾಳು ಪೇದೆಯ ಕರ್ತವ್ಯಬುದ್ಧಿ, ಕಾರಿನಿಂದ ಇಳಿಯಲೊಪ್ಪದ ಹೆಣ್ಣುಮಗಳ ಸ್ಥೈರ್ಯ. ಇವುಗಳಲ್ಲಿ ಯಾವುದನ್ನೂ ಅಂಗಡಿಯಲ್ಲಿ ಕೊಳ್ಳಲಾಗುವುದಿಲ್ಲ, ಯಾವುದೂ ಭಿತ್ತಿಪತ್ರದಲ್ಲಿ ಮೆರೆಯುವುದಿಲ್ಲ.

ಮಕ್ಕಳು ತೆರೆಯ ಮುಂದೆ ಕುಳಿತು ಕಿರುಪಿಸ್ತೂಲಿನ ಪ್ರತಾಪವನ್ನು ನೋಡುವ ದಿನ ಪ್ರತಿ ಮನೆಯಲ್ಲಿಯೂ ಬರುತ್ತದೆ. ಚಿತ್ರವನ್ನು ನಿಷೇಧಿಸುವುದರಿಂದ ಹೆಚ್ಚೇನೂ ಸಾಧಿತವಾಗದು; ನಿಷೇಧಿಸಿದ್ದನ್ನು ಮಕ್ಕಳು ಬೇರೆಡೆ ನೋಡಿಯೇ ನೋಡುತ್ತಾರೆ. ಚಿತ್ರ ಮುಗಿದ ಮೇಲೆ ಹಿರಿಯರು ಅವರಿಗೆ ೧೯೭೪ರ ಆ ರಾತ್ರಿಯ ಕಥೆಯನ್ನು ಹೇಳಬಹುದು. ಅದರಲ್ಲಿಯೂ ಅದೇ ಪಿಸ್ತೂಲು ಇದೆ, ಅಪಾಯವಿದೆ, ರಾಜಕುಮಾರಿ ಇದ್ದಾಳೆ, ವೀರರಿದ್ದಾರೆ. ಅದು ನಡೆದ ಕಥೆ. ಅದರಲ್ಲಿ ಯಾರೂ ಸಾಯುವುದಿಲ್ಲ.